ನಮ್ಮ ಅಂಗಳದಲ್ಲಿ ನಿಲ್ಲುವ ರಮ್ಲಾಳ ಕಾರು

ಹೆಸರು: ಆಯಿಶಾ, ಗಂಡ ನೂರ್ ಮುಹಮ್ಮದ್
ವಯಸ್ಸು: 43 ವರ್ಷ
ಉದ್ಯೋಗ: ಮನೆಯಲ್ಲಿ ಪತ್ತಿರಿ (ಅಕ್ಕಿಯ ತೆಳು ರೊಟ್ಟಿ) ಮಾಡಿ ಹೋಟೆಲುಗಳಿಗೆ ಕೊಡುವುದು
ವಾಸ: ತೊಕ್ಕೊಟ್ಟು ಪೇಟೆಯ ಹಿಂದುಗಡೆ, ಓಣಿಯ ಎಡಬದಿಯ ಮೂರನೇ ಕಂಪೌಂಡಿನ ಹಂಚಿನ ಮನೆ, ಮಂಗಳೂರು. ಅದೇ ಕಂಪೌಂಡಿನ ಟೆರೇಸ್ ಮನೆ ನಮ್ಮದಲ್ಲ.

ನಾನು ಮೇಲಿನ ವಿಳಾಸದಲ್ಲಿ ವಾಸವಾಗಿದ್ದು, ಇಂದು ದಿನಾಂಕ 14-08-2025, ಗುರುವಾರ ಸಂಜೆ ಠಾಣೆಗೆ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ, ಇಂದು ಮಧ್ಯಾಹ್ನ 1.55ಕ್ಕೆ ನಮ್ಮ ಅಂಗಳದಲ್ಲಿ ನಿಂತಿದ್ದ ಬಿಳಿ ಕಾರಿನ ಮುಂದಿನ ಗಾಜು, ಎಡಗಡೆಯ ಕನ್ನಡಿ ಮತ್ತು ಒಂದು ದೀಪವನ್ನು ಒಡೆದದ್ದು ನಾನೇ. ಕೈತಪ್ಪಿ ಆದದ್ದಲ್ಲ. ಒಡೆಯಬೇಕೆಂದೇ ಒಡೆದದ್ದು. ಮನೆಯಲ್ಲಿ ನಮ್ಮ ಮಾತು ಬ್ಯಾರಿ. ಕನ್ನಡದಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ, ಓದಲು ಬರೆಯಲು ಬರುತ್ತದೆ. ಆದುದರಿಂದ ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಹೆಡ್ ಕಾನ್‌ಸ್ಟೇಬಲ್ ನೋಣಯ್ಯ ಅವರನ್ನು ಮೊದಲೇ ಕೇಳಿಕೊಂಡಿದ್ದೇನೆ. ಕಾರಿನಿಂದ ಶುರು ಮಾಡಿ ಎಂದು ಅವರು ಹೇಳಿದರು. ಕಾರಿನಿಂದಲೇ ಶುರು ಮಾಡುತ್ತೇನೆ.

ನನ್ನ ಗಂಡ ನೂರ್ ಮುಹಮ್ಮದ್, 50 ವರ್ಷ, ತೊಕ್ಕೊಟ್ಟು ಜಂಕ್ಷನ್ನಿನ ಒಂದು ಚಪ್ಪಲಿ ಅಂಗಡಿಯಲ್ಲಿ ಹದಿನೇಳು ವರ್ಷದಿಂದ ಸೇಲ್ಸ್‌ಮನ್ ಆಗಿದ್ದಾರೆ. ಅವರ ತಮ್ಮ ತಮೀಮ್ ದಮ್ಮಾಮ್‌ನಲ್ಲಿ ಸ್ವಂತ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾನೆ. ತಮೀಮನ ಹೆಂಡತಿ, ಅಂದರೆ ನನ್ನ ಓರಗಿತ್ತಿ ರಮ್ಲಾ, ಮತ್ತು ಅವರ ಮಗ ಅಝರ್ ನಮ್ಮದೇ ಕಂಪೌಂಡಿನ ಟೆರೇಸ್ ಮನೆಯಲ್ಲಿ ಇರುತ್ತಾರೆ. ಎರಡು ಮನೆಯ ಬಾಗಿಲುಗಳ ನಡುವೆ 22 ಹೆಜ್ಜೆ. ಊರಿನಲ್ಲಿ ಇಲ್ಲದವನ ಹೆಸರಿಗೆ ಏನು ತೆಗೆದರೂ ಸಹಿಗೆ ತೊಂದರೆ ಎಂದು, ಗಲ್ಫ್‌ನಲ್ಲಿರುವವರು ಊರಿನಲ್ಲಿರುವ ಅಣ್ಣನ ಹೆಸರಿಗೆ ಮಾಡಿಬಿಡುವುದು ನಮ್ಮ ಕಡೆ ಇರುವ ವಾಡಿಕೆ. ಹಾಗೆ 2022ರ ಮಾರ್ಚ್ ತಿಂಗಳಲ್ಲಿ ತಮೀಮ್ ಕಳಿಸಿದ ಹಣದಲ್ಲಿ ಈ ಕಾರು ಬಂದಾಗ ಆರ್‌ಸಿ ನನ್ನ ಗಂಡನ ಹೆಸರಿಗೆ ಆಯಿತು. ಷೋರೂಮಿನವರು ಕೀ ಕೊಡುವ ಫೋಟೋದಲ್ಲಿ ನನ್ನ ಗಂಡ ಇಲ್ಲ. ರಮ್ಲಾ ಇದ್ದಾಳೆ.

ನನ್ನ ಗಂಡನಿಗೆ ಕಾರು ಬಿಡಲು ಬರುವುದಿಲ್ಲ. ಅವರಿಗೆ ಸ್ವಂತದ್ದು ಎಂದು ಇರುವುದು ಒಂದು ಸೈಕಲ್, ಅದಕ್ಕೆ ಆರ್‌ಸಿ ಇಲ್ಲ. ಆ ಕಾರಿನಲ್ಲಿ ನಾನು ಕೂತದ್ದು ಮೂರು ವರ್ಷ ಐದು ತಿಂಗಳಲ್ಲಿ ನಾಲ್ಕು ಸಲ. ಎರಡು ಮದುವೆ, ಒಂದು ಸಾವಿನ ಮನೆಯ ಮಯ್ಯತ್ತು, ಇನ್ನೊಂದು ರಮ್ಲಾಳ ಹಲ್ಲು ಕೀಳಿಸಲು ಜೊತೆಗೆ ಹೋದದ್ದು. ನಾಲ್ಕು ಸಲವೂ ಹಿಂದಿನ ಸೀಟು. ಕಾರು ನಿಲ್ಲುವುದು ಮಾತ್ರ ನಮ್ಮ ಅಂಗಳದಲ್ಲಿ. ರಮ್ಲಾ ತನ್ನ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದಾಳೆ, ಅದರ ಮೇಲೆ ಎಣ್ಣೆ ಬಿದ್ದರೆ ಕಲೆಯಾಗುತ್ತದಂತೆ. ನಮ್ಮದು ಮಣ್ಣಿನ ಅಂಗಳ, ಅದಕ್ಕೆ ಏನು ಬಿದ್ದರೂ ನಡೆಯುತ್ತದಂತೆ. ಪತ್ತಿರಿ ಸುತ್ತಿಡುವ ಬಟ್ಟೆ ಒಣಗಿಸಲು ನಾನು ಕಟ್ಟಿದ್ದ ಹಗ್ಗವನ್ನು ಈ ಕಾರಿಗಾಗಿ ಎರಡು ಸಲ ಬಿಚ್ಚಿ ಬೇರೆ ಕಡೆ ಕಟ್ಟಿದ್ದೇನೆ.

ಕಳೆದ ವರ್ಷ ನವೆಂಬರ್ ತಿಂಗಳಲ್ಲಿ ಸೊಸೈಟಿಗೆ ರೇಷನ್ ತರಲು ಹೋದಾಗ ನಮ್ಮ ಬಿಪಿಎಲ್ ಕಾರ್ಡು ರದ್ದಾಗಿದೆ ಎಂದು ಹೇಳಿದರು. ಮನೆಯ ಸದಸ್ಯರೊಬ್ಬರ ಹೆಸರಿನಲ್ಲಿ ಸ್ವಂತ ಕಾರು ಇದೆ ಎಂದು ಕಾರಣ ಬಂದಿತ್ತು. ರಮ್ಲಾಳ ಕಾರ್ಡು ಬೇರೆ. ಅವಳ ಹೆಸರಿನಲ್ಲಿ ಕಾರಿಲ್ಲ, ಕೆಲಸವಿಲ್ಲ, ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ ಮೂವತ್ತೆರಡು ಸಾವಿರ ಎಂದಿದೆ. ಅವಳದ್ದು ಇಂದಿಗೂ ಬಿಪಿಎಲ್. ಅದೇ ತಿಂಗಳು ಅವಳು ಸೊಸೈಟಿಯ ಅಕ್ಕಿಯನ್ನು ಅದೇ ಕಾರಿನಲ್ಲಿ ತಂದು ನಮ್ಮ ಅಂಗಳದಲ್ಲಿ ಇಳಿಸಿದಳು. ಈ ಅಕ್ಕಿಯ ಅನ್ನ ಅಝರ್‌ಗೆ ಸೇರುವುದಿಲ್ಲ, ನಿಮ್ಮ ಪತ್ತಿರಿಗೆ ಆದೀತಾ ನೋಡಿ ಎಂದು ಅರ್ಧ ಚೀಲ ನನಗೇ ಕೊಟ್ಟಳು. ನಾನು ತೆಗೆದುಕೊಂಡೆ. ಬೇಡ ಎನ್ನಬೇಕೆಂದು ಬಾಯಿತನಕ ಬಂದಿತ್ತು, ಆದರೆ ಮನೆಯಲ್ಲಿ ಅಕ್ಕಿ ಇರಲಿಲ್ಲ. ಆವತ್ತು ಶುರುವಾದ ಹೊಟ್ಟೆಯುರಿ ಇಂದಿನವರೆಗೂ ಆರಿಲ್ಲ.

ನನ್ನ ಒಬ್ಬಳೇ ಮಗಳು ಆಮ್ನಾ. ಅವಳು ಹುಟ್ಟಿದ ಹನ್ನೊಂದನೇ ದಿನ ಅಝರ್ ಹುಟ್ಟಿದ. ರಮ್ಲಾಳಿಗೆ ಜ್ವರ ಬಂದು ಹಾಲು ನಿಂತಿತು. ನಲವತ್ತು ದಿನ ಎರಡು ಮಕ್ಕಳಿಗೂ ಹಾಲು ಕೊಟ್ಟದ್ದು ನಾನು. ನಮ್ಮಲ್ಲಿ ಒಂದೇ ಹಾಲು ಕುಡಿದವರು ಒಡಹುಟ್ಟಿದವರ ಲೆಕ್ಕ. ಅಝರ್ ನನ್ನನ್ನೂ ಉಮ್ಮ ಎಂದೇ ಕರೆಯುವುದು. ಇದು ಪ್ರಕರಣಕ್ಕೆ ಸಂಬಂಧವಿಲ್ಲ ಎಂದು ನೋಣಯ್ಯನವರು ಇಲ್ಲಿ ಪೆನ್ನು ನಿಲ್ಲಿಸಿದರು. “ಸಂಬಂಧ ಉಂಟು ಸಾರ್, ಬರೀರಿ” ಎಂದು ನಾನು ಹೇಳಿದ್ದರಿಂದ ಬರೆಯಲಾಗಿದೆ.

ಹಾಲು ಒಂದೇ ಆದರೂ ಶಾಲೆ ಒಂದೇ ಆಗಲಿಲ್ಲ. ಅಝರ್ ಮಂಗಳೂರು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋದ. ಆಮ್ನಾ ಸರ್ಕಾರಿ ಶಾಲೆಗೆ ಒಂದೂವರೆ ಕಿಲೋಮೀಟರ್ ನಡೆದು ಹೋದಳು. ಪಿಯುಸಿಯಲ್ಲಿ ಅಝರ್‌ಗೆ ಕೋಚಿಂಗ್ ಸೇರಿಸಿ ದೊಡ್ಡ ಕಾಲೇಜು, ಆಮ್ನಾಳಿಗೆ ಸರ್ಕಾರಿ ಪಿಯು ಕಾಲೇಜು. ಆ ಎರಡು ವರ್ಷವೂ ಸಂಜೆ 6ರಿಂದ 8ರವರೆಗೆ ಆಮ್ನಾ ಟೆರೇಸ್ ಮನೆಯ ಎಸಿ ರೂಮಿನಲ್ಲಿ ಕೂತು ಅಝರ್‌ಗೆ ಕೆಮಿಸ್ಟ್ರಿ ಹೇಳಿಕೊಟ್ಟಳು. ಮಗಳಿಗೆ ಎರಡು ಗಂಟೆ ತಂಪಾದರೂ ಸಿಗುತ್ತದೆ ಎಂದು ನಾನು ಸುಮ್ಮನಿದ್ದೆ. ಕೋಚಿಂಗ್‌ಗೆ ಅಷ್ಟು ದುಡ್ಡು ಸುರಿದದ್ದು ದಂಡ, ನಮಗೆ ಆಮ್ನಾ ಸಾಕಿತ್ತು ಎಂದು ರಮ್ಲಾ ನೆಂಟರ ಮುಂದೆ ನಗಾಡುತ್ತಿದ್ದಳು. ಸುರಿದ ದುಡ್ಡಿನ ವಿಷಯವನ್ನೂ ಹೇಳಿದ ಹಾಗಾಯಿತು, ಹೊಗಳಿದ ಹಾಗೂ ಆಯಿತು. ಅವಳ ಮಾತೆಲ್ಲ ಹೀಗೆಯೇ.

ಪರೀಕ್ಷೆಯಲ್ಲಿ ಆಮ್ನಾಳಿಗೆ 600ರಲ್ಲಿ 571 ಬಂತು. ಅಝರ್‌ಗೆ 352. ಆಮ್ನಾಳಿಗೆ ಸಿಇಟಿಯಲ್ಲಿ ನಮ್ಮ ಮನೆಯಿಂದ 9 ಕಿಲೋಮೀಟರ್ ದೂರದ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಫಾರ್ಮ್ ಸೀಟು ಸಿಕ್ಕಿತು. ಮೆರಿಟ್ ಸೀಟೇ ಆದರೂ ನಾಲ್ಕು ವರ್ಷದ ಫೀಸು ಚಪ್ಪಲಿ ಅಂಗಡಿಯ ಸಂಬಳದಲ್ಲಿ ಆಗುವಂಥದ್ದಲ್ಲ. ಹದಿನೈದು ದಿನ ಕಳೆದ ಮೇಲೆ ಅದೇ ಕಾಲೇಜಿನಲ್ಲಿ, ಅದೇ ಕ್ಲಾಸಿನಲ್ಲಿ ಅಝರ್‌ಗೆ ಮ್ಯಾನೇಜ್‌ಮೆಂಟ್ ಸೀಟು ಮಾಡಿಸಿದ್ದೇವೆ ಎಂದು ರಮ್ಲಾ ಬಂದು ಹೇಳಿದಳು. ಇಬ್ಬರೂ ಒಟ್ಟಿಗೆ ಹೋಗಬಹುದು, ಅವನಿಗೂ ಧೈರ್ಯ ಎಂದಳು. ನಾನು ಆಗ ಪತ್ತಿರಿ ಬೇಯಿಸುತ್ತಿದ್ದೆ. ಮೂರು ಪತ್ತಿರಿ ಕರಟಿಹೋಯಿತು.

ಕೊಟ್ಟಾರದಲ್ಲಿ ನಿವೃತ್ತ ಟೀಚರುಗಳು ಸೇರಿ ನಡೆಸುವ ಒಂದು ಟ್ರಸ್ಟ್ ಇದೆ. ಜಾತಿ ಧರ್ಮ ನೋಡದೆ, ಮಾರ್ಕು ಮತ್ತು ಮನೆಯ ಸ್ಥಿತಿ ನೋಡಿ ಇಡೀ ಕೋರ್ಸಿನ ಫೀಸು ಕಟ್ಟುತ್ತಾರೆ. ಆಮ್ನಾ ಅಲ್ಲಿ ಅರ್ಜಿ ಹಾಕಿದ್ದಳು. ದಿನಾಂಕ 11-08-2025, ಸೋಮವಾರ ಬೆಳಿಗ್ಗೆ 11.20ಕ್ಕೆ ಟ್ರಸ್ಟಿನ ನೆಲ್ಲಿ ಟೀಚರ್ ಮನೆ ನೋಡಲು ಬಂದರು. ಗೇಟಿನಿಂದ ನಮ್ಮ ಬಾಗಿಲಿಗೆ ಬರಬೇಕಾದರೆ ಕಾರಿನ ಬದಿಯಿಂದ ಸೀರೆ ಒತ್ತಿ ಹಿಡಿದುಕೊಂಡೇ ಬರಬೇಕು. ಅವರು ಹಾಗೆಯೇ ಬಂದು ಕುರ್ಚಿಯಲ್ಲಿ ಕೂತು, ನೀರು ಕುಡಿದು, ಮನೆಯೊಳಗೆ ಒಂದು ಸುತ್ತು ನೋಡಿದರು. ಆಮ್ನಾಳ ಮಾರ್ಕು ಕಾರ್ಡು ನೋಡಿ ಅವಳ ಬೆನ್ನು ಸವರಿದರು. ಆಮೇಲೆ ಕಾರು ಯಾರದ್ದು ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮೊಬೈಲಿನಲ್ಲಿ ಕಾರಿನ ನಂಬರ್ ಹಾಕಿ ನೋಡಿದರು, ಅದರಲ್ಲಿ ನನ್ನ ಗಂಡನ ಹೆಸರಿನ ಅಕ್ಷರಗಳು ಬಂದವು. ಟೀಚರ್ ಅದನ್ನು ನನಗೂ ತೋರಿಸಿದರು.

“ನೀವು ಸುಳ್ಳು ಹೇಳ್ತೀರಿ ಅಂತ ನಾನು ಹೇಳುವುದಿಲ್ಲ ಆಯಿಶಾ. ಆದ್ರೆ ಕಮಿಟಿಗೆ ನಾನು ಎಂತ ತೋರಿಸ್ಲಿ? ಕಾರು ನಮ್ಮದು, ಹೆಸರು ಮಾತ್ರ ಅವರದ್ದು ಅಂತ ನಿಮ್ಮ ಓರಗಿತ್ತಿ ಸಹಿ ಹಾಕಿ ಒಂದು ಕಾಗದ ಕೊಡ್ಲಿ, ಅಷ್ಟು ಸಾಕು” ಎಂದರು. ದಿನಾಂಕ 16ರ ಶನಿವಾರ ಮಧ್ಯಾಹ್ನ 12 ಗಂಟೆಯ ಒಳಗೆ ಕಾಗದ ಕೊಟ್ಟಾರದ ಆಫೀಸಿಗೆ ತಲುಪಬೇಕು, ಆಮೇಲೆ ಪಟ್ಟಿ ಮುಚ್ಚುತ್ತಾರೆ, ತನ್ನ ಕೈಯಲ್ಲಿ ಇಲ್ಲ ಎಂದೂ ತಿಳಿಸಿದರು. ಆಮ್ನಾ ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳಿದ್ದಾಳೆ.

ಅದೇ ದಿನ ಸಂಜೆ 5 ಗಂಟೆಗೆ ನಾನು ಟೆರೇಸ್ ಮನೆಗೆ ಹೋಗಿ ರಮ್ಲಾಳನ್ನು ಕೇಳಿದೆ. ಬೇಡಿಕೊಂಡೆ ಎಂದು ಬರೆದರೂ ತಪ್ಪಿಲ್ಲ. ಅವಳು ನನ್ನನ್ನು ಸೋಫಾದಲ್ಲಿ ಕೂರಿಸಿ ಖರ್ಜೂರ ಕೊಟ್ಟು, “ಅಯ್ಯೋ, ನಾನು ಬರೆದು ಕೊಟ್ರೆ ನನ್ನ ಕಾರ್ಡು ಹೋಗ್ತದಲ್ಲ? ಅಝರ್‌ನ ಸ್ಕಾಲರ್‌ಶಿಪ್ ಅರ್ಜಿಯೂ ಹೋಗ್ತದೆ. ಅವರು ರಜೆಯಲ್ಲಿ ಬರ್ಲಿ, ಆಗ ನೋಡುವ” ಎಂದಳು. ತಮೀಮ್ ರಜೆಯಲ್ಲಿ ಬರುವುದು ಬರುವ ರಂಝಾನಿಗೆ. ನಾನು ಎದ್ದು ಹೊರಟಾಗ ಅವಳು ಸಮಾಧಾನ ಮಾಡುವವಳ ಹಾಗೆ, ಹೇಗೂ ಅಝರ್ ಅದೇ ಕಾಲೇಜಿಗೆ ಹೋಗುತ್ತಾನಲ್ಲ, ಅವನ ನೋಟ್ಸ್ ನೋಡಿ ಆಮ್ನಾ ಮನೆಯಲ್ಲೇ ಓದಬಹುದು ಎಂದಳು. ಅವಳು ಇದನ್ನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಅಲ್ಲಿಯೇ ಜಗಳ ಮಾಡಿ ಮುಗಿಸುತ್ತಿದ್ದೆ. ಇಪ್ಪತ್ತೆರಡು ಹೆಜ್ಜೆ ನಡೆದು ಬರುವಷ್ಟರಲ್ಲಿ ಕೈಯಲ್ಲಿದ್ದ ಖರ್ಜೂರದ ಬೀಜವನ್ನು ಎಷ್ಟು ಗಟ್ಟಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಗುರುತು ಬಿದ್ದಿತ್ತು.

ನನ್ನ ಗಂಡನಿಗೆ, ನಿಮ್ಮ ತಮ್ಮನಿಗೆ ನೀವೇ ಫೋನು ಮಾಡಿ ಹೇಳಿ ಎಂದೆ. ದಿನಾಂಕ 12-08-2025ರಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ದಮ್ಮಾಮ್‌ಗೆ ಫೋನು ಮಾಡಿದರು. ಎಷ್ಟು ಹೊತ್ತು ಮಾತಾಡಿದಿರಿ ಎಂದು ಕೇಳಿದ್ದಕ್ಕೆ ಆರು ನಿಮಿಷ ಎಂದರು. ಏನು ಮಾತಾಡಿದಿರಿ ಎಂದದ್ದಕ್ಕೆ, ಅಲ್ಲಿ ಸೆಕೆ ಜೋರು, ಅವನಿಗೆ ಬೆನ್ನುನೋವು ಎಂದರು. ಕಾಗದದ ವಿಷಯ ಎಂದು ನಾನು ಕೇಳಿದಾಗ ಅವರು ಚಪ್ಪಲಿ ಬಿಚ್ಚುತ್ತಾ, “ಬೆನ್ನುನೋವು ಅಂತ ಹೇಳುವಾಗ ನಾನು ಅದನ್ನು ಹೇಗೆ ಕೇಳುವುದು?” ಎಂದರು. ಇವರು ಒಳ್ಳೆಯವರು. ಇವರ ಒಳ್ಳೆಯತನ ಇಟ್ಟುಕೊಂಡು ನಾನು ಯಾವ ಕಾಲೇಜಿನ ಫೀಸು ಕಟ್ಟಲಿ?

ಇಂದು ಗುರುವಾರ ನಾನು ಬೆಳಗಿನ ಜಾವ 4 ಗಂಟೆಗೆ ಎದ್ದು 320 ಪತ್ತಿರಿ ಮಾಡಿ, 7 ಗಂಟೆಗೆ ಎರಡು ಹೋಟೆಲಿಗೆ ಕೊಟ್ಟು ಬಂದೆ. 9 ಗಂಟೆಗೆ ರಮ್ಲಾ ನಮ್ಮ ಬಾಗಿಲಿಗೆ ಬಂದಳು. ಅಝರ್‌ನ ಅಡ್ಮಿಷನ್ ಇವತ್ತು, ಅವನಿಗೆ ಫಾರ್ಮ್ ತುಂಬಲು ಗೊತ್ತಾಗುವುದಿಲ್ಲ, ಆಮ್ನಾಳನ್ನು ಕಳಿಸಿಕೊಡಿ ಎಂದಳು. ನಾನು ಉತ್ತರ ಕೊಡುವ ಮೊದಲೇ ಆಮ್ನಾ ಬುರ್ಖಾ ಹಾಕಿಕೊಂಡು ಬಂದಳು. ಅಝರ್ ಲೈಸೆನ್ಸ್ ಮಾಡಿಸಿ ಒಂದೂವರೆ ತಿಂಗಳಾಗಿದೆ, ಅವನೇ ಕಾರು ಬಿಡುವುದು. ಆಮ್ನಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಅವಳು ನನಗೆ ಕೈ ಬೀಸಿದಳು. 9.10ಕ್ಕೆ ಕಾರು ಗೇಟು ದಾಟಿತು. ನಾನು ಒಳಗೆ ಹೋಗಿ ಅಮ್ಮಿಕಲ್ಲಿನಲ್ಲಿ ಮೀನಿನ ಮಸಾಲೆ ಅರೆಯಲು ಕೂತೆ. ಅರ್ಧ ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು.

ಮಧ್ಯಾಹ್ನ 1.40ಕ್ಕೆ ಕಾರು ವಾಪಸು ಬಂದು ನಮ್ಮ ಅಂಗಳದಲ್ಲಿ ನಿಂತಿತು. ರಮ್ಲಾ ಮತ್ತು ಅಝರ್ ತಮ್ಮ ಮನೆಗೆ ಹೋದರು. ಆಮ್ನಾ ಒಂದು ಸ್ವೀಟ್ ಬಾಕ್ಸ್ ಹಿಡಿದುಕೊಂಡು ಒಳಗೆ ಬಂದಳು. ಅವಳ ಹೆಬ್ಬೆರಳಿಗೆ ನೀಲಿ ಶಾಯಿ ಅಂಟಿತ್ತು. “ಉಮ್ಮ, ಲ್ಯಾಬ್ ಎಷ್ಟು ದೊಡ್ಡ ಉಂಟು ಗೊತ್ತುಂಟಾ? ಒಂದೊಂದು ಮೇಜಿಗೆ ಒಂದೊಂದು ನಲ್ಲಿ!” ಎಂದಳು. ಅವಳ ಪಿಯು ಕಾಲೇಜಿನಲ್ಲಿ ನಲವತ್ತು ಮಕ್ಕಳಿಗೆ ಎರಡು ನಲ್ಲಿ ಇತ್ತು. ಆರು ಪುಟದ ಫಾರ್ಮ್ ಪೂರ್ತಿ ತಾನೇ ತುಂಬಿದೆ, ಅಝರ್ ಸಹಿ ಮಾತ್ರ ಹಾಕಿದ್ದು ಎಂದಳು. ತಂದೆ ತಾಯಿಯ ವಾರ್ಷಿಕ ಆದಾಯ ಎಂಬಲ್ಲಿ ಏನು ಬರೆಯುವುದು ಎಂದು ಕೇಳಿದ್ದಕ್ಕೆ, ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಇದ್ದ ಹಾಗೆ ಮೂವತ್ತೆರಡು ಸಾವಿರ ಎಂದು ಬರೆ ಎಂದು ರಮ್ಲಾ ಹೇಳಿದಳಂತೆ. ಬರೆದೆಯಾ ಎಂದು ನಾನು ಕೇಳಿದೆ. ಬರೆದೆ, ತಪ್ಪಾಗಬಾರದು ಎಂದು ಅಕ್ಷರದಲ್ಲೂ ಬರೆದೆ ಎಂದಳು. ಅಷ್ಟು ಹೇಳಿ ಮುಖ ತೊಳೆಯಲು ಹಿತ್ತಲಿಗೆ ಹೋದಳು.

ಆಮ್ನಾಳ ಅಕ್ಷರ ಬಹಳ ಚಂದ. ಅವಳಿಗೆ ಸ್ಲೇಟಿನಲ್ಲಿ ಕೈ ಹಿಡಿದು ಬರೆಸಿದ್ದು ನಾನು. ಆ ಅಕ್ಷರದಲ್ಲಿ ಅವನ ಹೆಸರು, ಅವನ ಮಾರ್ಕು, ಅವನ ಬಡತನ. ಒಂದೇ ಬೆಂಚಿನಲ್ಲಿ ಕೂರಬೇಕಾದವಳು ಬೆಂಚಿನ ಈಚೆ ನಿಂತು ಅವನ ಫಾರ್ಮ್ ತುಂಬಿ, ಸ್ವೀಟ್ ಹಿಡಿದುಕೊಂಡು ನಗುತ್ತಾ ಬಂದಿದ್ದಾಳೆ. ನನ್ನ ಮೈಯೆಲ್ಲ ಉರಿದುಹೋಯಿತು. ಸ್ವೀಟ್ ಬಾಕ್ಸನ್ನು ಕಪಾಟಿನ ಮೇಲೆ ಇಟ್ಟೆ. ಅಮ್ಮಿಕಲ್ಲಿನ ಗುಂಡು ಎತ್ತಿಕೊಂಡೆ, ಅದು ಸುಮಾರು ನಾಲ್ಕು ಕಿಲೋ ಇದೆ. ಬಾಗಿಲಿನಿಂದ ಕಾರಿಗೆ 7 ಹೆಜ್ಜೆ. ಮೊದಲನೆಯ ಏಟಿಗೆ ಮುಂದಿನ ಗಾಜು ಬಿರುಕು ಬಿಟ್ಟಿತು, ಬೀಳಲಿಲ್ಲ. ಇನ್ನೊಂದು ಹಾಕಿದೆ. ಮೂರನೆಯದು ಕನ್ನಡಿಗೆ, ನಾಲ್ಕನೆಯದು ದೀಪಕ್ಕೆ. ಆಗ ನನಗೆ ತುಂಬ ಸುಖವಾಯಿತು. ಇದನ್ನು ಬರೆಯುವುದು ನಿಮಗೇ ತೊಂದರೆ ಎಂದು ನೋಣಯ್ಯನವರು ಹೇಳಿದರು. ಸುಖವಾದದ್ದು ನಿಜ.

ಸದ್ದು ಕೇಳಿ ರಮ್ಲಾ ಒದ್ದೆ ಕೈಯಲ್ಲಿ ಓಡಿಬಂದಳು. “ನನ್ನ ಕಾರು! ಅಯ್ಯೋ, ನನ್ನ ಕಾರು!” ಎಂದು ಎದೆ ಬಡಿದುಕೊಂಡಳು. ಪಕ್ಕದ ಮನೆಯ ಅಮ್ಮಣಿಯಕ್ಕ ಗೋಡೆಯ ಮೇಲಿನಿಂದ ಇಣುಕಿ, “ಎಂತ ಆಯ್ತು ಮಾರಾಯ್ತಿ?” ಎಂದು ಕೇಳಿದರು. ನಾನು ಕೈಯಲ್ಲಿದ್ದ ಗುಂಡು ಕೆಳಗಿಡಲಿಲ್ಲ. “ನಿಂದು ಹೇಗೆ ಆಯ್ತು? ಕಾಗದ ತೋರಿಸು. ಆರ್‌ಸಿ ನನ್ನ ಗಂಡನ ಹೆಸರಲ್ಲಿ ಉಂಟು. ನನ್ನ ಗಂಡನ ಕಾರು ನಾನು ಒಡೀತೇನೆ, ಅರೆದು ಪತ್ತಿರಿ ಮಾಡ್ತೇನೆ, ನಿಂಗೆ ಎಂತ?” ಎಂದು ನಾನು ಕೂಗಿದ್ದು ಅಮ್ಮಣಿಯಕ್ಕ ಕೇಳಿದ್ದಾರೆ, ಬೇಕಾದರೆ ವಿಚಾರಿಸಬಹುದು. ಕಾಗದ ಬೇಕಾ, ಪೊಲೀಸ್ ಸ್ಟೇಷನ್ನಿನಲ್ಲಿ ಕೊಡುತ್ತೇನೆ ಕಾಗದ ಎಂದು ರಮ್ಲಾ ಕಿರುಚಿದಳು. ಕೊಡು ಎಂದೆ. ಕೊಡುತ್ತೇನೆ ನೋಡಿ ಎಂದಳು. ಅಝರ್ ಇಬ್ಬರ ನಡುವೆ ನಿಂತು, “ಉಮ್ಮ, ಬೇಡ, ಉಮ್ಮ, ಬೇಡ” ಎನ್ನುತ್ತಿದ್ದ. ಯಾವ ಉಮ್ಮನಿಗೆ ಹೇಳುತ್ತಿದ್ದಾನೆಂದು ಗೊತ್ತಾಗಲಿಲ್ಲ.

ಆಮ್ನಾ ಮುಖದ ನೀರು ಒರೆಸದೆ ಹಾಗೆಯೇ ಬಂದು ನಿಂತಿದ್ದಳು. ಕಾರನ್ನು ನೋಡಿದಳು, ನನ್ನನ್ನು ನೋಡಿದಳು. ರಮ್ಲಾಳಿಗೆ ಕನ್ನಡ ಬರೆಯಲು ಬರುವುದಿಲ್ಲ. ಅಝರ್‌ನ ಕನ್ನಡದಲ್ಲಿ ಎರಡು ಸಾಲು ಓದಿದವರು ಮೂರನೆಯದು ಓದುವುದಿಲ್ಲ. ಆ ಮನೆಯ ಬ್ಯಾಂಕು, ಕರೆಂಟು, ರೇಷನ್ನು, ಎಲ್ಲ ಕಾಗದ ಬರೆಯುವುದು ಮೊದಲಿನಿಂದಲೂ ಆಮ್ನಾ. ರಮ್ಲಾ ಅಭ್ಯಾಸದಂತೆ ಅವಳನ್ನೇ ಕರೆದಳು. “ಆಮ್ನಾ, ನೀನು ಬಾ. ನಂಗೆ ಬರೆದು ಕೊಡು” ಎಂದಳು. ಆಮ್ನಾ ಒಳಗೆ ಹೋಗಿ ಬುರ್ಖಾ ಹಾಕಿಕೊಂಡು, ಪೆನ್ನು ತೆಗೆದುಕೊಂಡು, 3.05ಕ್ಕೆ ರಮ್ಲಾಳ ಪಕ್ಕದಲ್ಲಿ ಆಟೋದಲ್ಲಿ ಕೂತಳು. ನನ್ನ ಮೇಲೆ ದೂರು ಬರೆಯಲು ನನ್ನ ಮಗಳು. ಟೆರೇಸ್ ಮನೆ ಅವಳಿಗೆ, ಇಂಟರ್‌ಲಾಕ್ ಅವಳಿಗೆ, ಬಿಪಿಎಲ್ ಕಾರ್ಡು ಅವಳಿಗೆ, ಕಾಲೇಜು ಅವಳ ಮಗನಿಗೆ. ಇನ್ನು ನನ್ನ ಮಗಳೂ ಅವಳ ಪಾಲು ಎಂದುಕೊಂಡೆ. ಗಾಜು ಒಡೆದಾಗ ಆದ ಸುಖ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

3.20ಕ್ಕೆ ನನ್ನ ಗಂಡ ಸೈಕಲಿನಲ್ಲಿ ಬಂದರು. ನನಗೆ ಬೈಯಲಿಲ್ಲ. ಕಾರಿನ ಸುತ್ತ ಬಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಚಪ್ಪಲಿಯ ಖಾಲಿ ಪೆಟ್ಟಿಗೆಗೆ ಹಾಕಿದರು. ತಮ್ಮನಿಗೆ ಏನು ಹೇಳುವುದು ಎಂದು ಎರಡು ಸಲ ಕೇಳಿದರು. 4.25ಕ್ಕೆ ಪೊಲೀಸರು ಬಂದು ಸ್ಥಳ ನೋಡಿ, ಅಮ್ಮಿಕಲ್ಲಿನ ಗುಂಡನ್ನು ವಶಕ್ಕೆ ತೆಗೆದುಕೊಂಡರು. 5.15ಕ್ಕೆ ನಾನು ನನ್ನ ಗಂಡನ ಜೊತೆ ಆಟೋದಲ್ಲಿ ಠಾಣೆಗೆ ಬಂದೆ.

ಠಾಣೆಯಲ್ಲಿ ರಮ್ಲಾ, ಅಝರ್ ಮತ್ತು ಆಮ್ನಾ ಒಂದೇ ಬೆಂಚಿನಲ್ಲಿ ಕೂತಿದ್ದರು, ಆಮ್ನಾ ನಡುವೆ. ನನ್ನ ಮೇಲೆ ಏನು ದೂರು ಬಂದಿದೆ ಎಂದು ಗೊತ್ತಾಗಲಿ ಎಂದು ನೋಣಯ್ಯನವರು ಅದನ್ನು ಓದಿ ಹೇಳಿದರು. ಅದು ಹೀಗಿತ್ತು: “ದಮ್ಮಾಮ್‌ನಲ್ಲಿರುವ ನನ್ನ ಗಂಡ ತಮೀಮ್ ಅವರು ಕಳುಹಿಸಿದ ಹಣದಿಂದ ಮಾರ್ಚ್ 2022ರಲ್ಲಿ ಖರೀದಿಸಿದ ಸದರಿ ಕಾರು ನನ್ನದಾಗಿದ್ದು, ಅಂದಿನಿಂದ ನಾನು ಮತ್ತು ನನ್ನ ಮಗ ಮಾತ್ರ ಅದನ್ನು ಉಪಯೋಗಿಸುತ್ತಿರುತ್ತೇವೆ. ನನ್ನ ಗಂಡ ಊರಿನಲ್ಲಿ ಇಲ್ಲದ ಕಾರಣ ಆರ್‌ಸಿ ಮಾತ್ರ ಅವರ ಅಣ್ಣ ನೂರ್ ಮುಹಮ್ಮದ್ ಅವರ ಹೆಸರಿನಲ್ಲಿ ಇರುತ್ತದೆ. ಸದರಿ ಕಾರಿನಲ್ಲಿ ನೂರ್ ಮುಹಮ್ಮದ್ ಅವರಿಗಾಗಲಿ, ಅವರ ಹೆಂಡತಿ ಮಗಳಿಗಾಗಲಿ ಯಾವ ಹಕ್ಕೂ ಇರುವುದಿಲ್ಲ. ಅವರಿಗೆ ಸ್ವಂತ ಕಾರು ಇರುವುದಿಲ್ಲ.”

ನಾನು ಇನ್ನೊಮ್ಮೆ ಓದಿ ಎಂದೆ. ಅವರು ಇನ್ನೊಮ್ಮೆ ಓದಿದರು. ಗಾಜು ಒಡೆದ ವಿಷಯ ಎಲ್ಲಿ ಎಂದು ಕೇಳಿದೆ. “ಅದು ಎರಡನೇ ಪುಟದಲ್ಲಿ ಬರ್ತದೆ, ಮೂರೇ ಸಾಲು” ಎಂದರು. ದೂರನ್ನು ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ತಿರುಗಿಸಿ ತೋರಿಸಿದರು. ದುಂಡಗಿನ, ಸಾಲು ತಪ್ಪದ ಅಕ್ಷರ. ನನ್ನದು, ನನ್ನ ಕಾರು ಎಂಬ ಮಾತು ಎರಡು ಪುಟದಲ್ಲಿ ಏಳು ಸಲ ಇತ್ತು. ಕೆಳಗೆ ರಮ್ಲಾಳ ಸಹಿ. ಬರೆದದ್ದನ್ನು ಆ ಹುಡುಗಿ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದ್ದಾಳೆ, ಇನ್ನೂ ಖಾರವಾಗಿ ಬರೆ ಎಂದು ರಮ್ಲಾ ಹೇಳಿ ಸಹಿ ಹಾಕಿದ್ದಾಳೆ ಎಂದು ನೋಣಯ್ಯನವರು ತಿಳಿಸಿದರು. ನೆಲ್ಲಿ ಟೀಚರ್ ಬರೆಸಿದ್ದರೂ ಇಷ್ಟು ಸರಿಯಾಗಿ ಬರುತ್ತಿರಲಿಲ್ಲ. ನಾನು ಬೆಂಚಿನ ಕಡೆ ನೋಡಿದೆ. ಆಮ್ನಾ ನನ್ನನ್ನು ನೋಡಲಿಲ್ಲ, ಹೆಬ್ಬೆರಳಿನ ಶಾಯಿ ಉಜ್ಜುತ್ತಿದ್ದಳು. ಬೆಳಗಿನಿಂದ ಅಷ್ಟು ಹೊತ್ತಿನವರೆಗೆ ನಾನು ಅತ್ತಿರಲಿಲ್ಲ. ಆಗ ಅತ್ತೆ. ಹೆದರಿಕೆಯಿಂದ ಅಳುತ್ತಿದ್ದೇನೆಂದು ತಿಳಿದು ನೋಣಯ್ಯನವರು ನೀರು ತರಿಸಿದರು.

5.50ಕ್ಕೆ ರಮ್ಲಾಳ ಫೋನಿಗೆ ದಮ್ಮಾಮ್‌ನಿಂದ ಕರೆ ಬಂತು. ಅವಳು ದೂರಿನ ಫೋಟೋ ತೆಗೆದು ಗಂಡನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಹೀಗೆ ಬರೆದುಕೊಡಲು ನಿನಗೆ ಯಾರು ಹೇಳಿದ್ದು ಎಂದು ತಮೀಮ್ ಬೈಯುತ್ತಿದ್ದದ್ದು ನನಗೂ ಕೇಳಿಸಿತು. ರಮ್ಲಾ ಫೋನು ಇಟ್ಟಳು. ಅವಳು ಬಂದು, ಇದು ಮನೆಯೊಳಗಿನ ವಿಷಯ, ದೂರು ವಾಪಸು ಬೇಕು, ಗಾಜು ನಾವೇ ಹಾಕಿಸಿಕೊಳ್ಳುತ್ತೇವೆ ಎಂದು ಹೇಳಿದಳು. ರಾಜಿ ಮಾಡಿಕೊಳ್ಳಲು ಒಪ್ಪಿಗೆಯಾ ಎಂದು ನೋಣಯ್ಯನವರು ನನ್ನನ್ನು ಕೇಳಿದರು. ನನ್ನ ಗಂಡ ನನಗಿಂತ ಮೊದಲೇ ತಲೆಯಾಡಿಸಿದರು. ನಾನು ಒಪ್ಪಲಿಲ್ಲ. “ರಾಜಿ ಬೇಡ ಸಾರ್, ಕೇಸು ಆಗ್ಲಿ” ಎಂದೆ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಆರೋಪಿಯೇ ರಾಜಿ ಬೇಡ ಎಂದದ್ದನ್ನು ತಾನು ನೋಡಿಲ್ಲ ಎಂದು ಅವರು ಹೇಳಿದರು.

ಆಗ ರಮ್ಲಾ ಎಲ್ಲರ ಮುಂದೆ, “ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು, ಅಷ್ಟೇ” ಎಂದಳು. ಹೌದು. ಇದನ್ನು ಬರೆದುಕೊಳ್ಳಬೇಕು. ಅವಳ ಅಂಗಳದ ಮೇಲೆ ನನಗೆ ಹೊಟ್ಟೆಕಿಚ್ಚು, ಅವಳ ಎಸಿ ರೂಮಿನ ಮೇಲೆ ಹೊಟ್ಟೆಕಿಚ್ಚು, ಸೊಸೈಟಿಯ ಅಕ್ಕಿ ಬೇಡ ಎನ್ನುವ ಅವಳ ನಾಲಗೆಯ ಮೇಲೆ ಹೊಟ್ಟೆಕಿಚ್ಚು. ನನ್ನ ಹಾಲು ಕುಡಿದ ಹುಡುಗ ಆ ಲ್ಯಾಬಿನಲ್ಲಿ ನಲ್ಲಿ ತಿರುಗಿಸುತ್ತಾನಲ್ಲ, ಅವನ ಮೇಲೂ ಹೊಟ್ಟೆಕಿಚ್ಚು. ಕಾರಿನ ಮೇಲೆ ಮಾತ್ರ ಇಲ್ಲ. ಅದು ನಮಗೆ ಬೇಡ ಎಂದೇ ಒಂಬತ್ತು ತಿಂಗಳಿಂದ ಕೂಗುತ್ತಿದ್ದೇನೆ. ಮೂವತ್ತೆರಡು ಸಾವಿರದ ವಿಷಯ ಬಾಯಿಗೆ ಬಂದದ್ದರಿಂದ ಹೇಳಿದ್ದೇನೆ, ಅದರ ಮೇಲೆ ನನ್ನ ದೂರು ಇಲ್ಲ, ಯಾವ ಇಲಾಖೆಗೂ ಕೊಡುವುದಿಲ್ಲ. ಅಝರ್ ಓದಲಿ. ಆಮ್ನಾಳೂ ಓದಲಿ.

ನಾಳೆ ಆಗಸ್ಟ್ 15, ಎಲ್ಲ ಕಚೇರಿಗೆ ರಜೆ, ಠಾಣೆಯವರು ಪೆರೇಡಿಗೆ ಹೋಗುತ್ತಾರೆ. ಟ್ರಸ್ಟಿಗೆ ಕಾಗದ ತಲುಪಿಸಲು ನಾಡಿದ್ದು ಶನಿವಾರ 12 ಗಂಟೆ ಕೊನೆ. ಆದುದರಿಂದ ರಮ್ಲಾ ನನ್ನ ಮೇಲೆ ಕೊಟ್ಟ ದೂರಿನ ಒಂದು ಪ್ರತಿಯನ್ನು ಸ್ವೀಕರಿಸಿದ ಸೀಲು ಹಾಕಿ ಈ ದಿನವೇ ನನಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನೋಣಯ್ಯನವರು ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದು, ಆಗಲಿ ಎಂದರು. ಠಾಣೆಯ ಝೆರಾಕ್ಸ್ ಕೆಟ್ಟಿದೆ, ಯಾರಾದರೂ ಕಾನ್‌ಸ್ಟೇಬಲ್ ಜೊತೆ ಎದುರಿನ ಅಂಗಡಿಗೆ ಹೋಗಿ ಮಾಡಿಸಿ ತನ್ನಿ ಎಂದರು. ಯಾರೂ ಏಳುವ ಮೊದಲು ಅಝರ್ ಎದ್ದ. ರಮ್ಲಾ ಅವನ ಅಂಗಿ ಹಿಡಿದು ಎಳೆದಳು. “ಕಾರು ನಮ್ದೇ ಅಲ್ವಾ ಉಮ್ಮ?” ಎಂದು ಅವನು ಅಂಗಿ ಬಿಡಿಸಿಕೊಂಡ. ಮಳೆ ಬರುತ್ತಿತ್ತು, ಅವನು ಕೊಡೆ ಹಿಡಿದ, ಆಮ್ನಾ ಅವನ ಜೊತೆಗೆ ಹೋದಳು. 6.40ಕ್ಕೆ ಇಬ್ಬರೂ ಕಾನ್‌ಸ್ಟೇಬಲ್ ಜೊತೆ ವಾಪಸು ಬಂದಿದ್ದಾರೆ. ಒಂದು ಸಾಕು ಎಂದರೂ ಅಝರ್ ಮೂರು ಪ್ರತಿ ಮಾಡಿಸಿದ್ದಾನೆ.

ಗಾಜು, ಕನ್ನಡಿ, ದೀಪದ ಖರ್ಚನ್ನು ಪತ್ತಿರಿ ಮಾಡಿಯೇ ತೀರಿಸುತ್ತೇನೆ, ತಿಂಗಳು ಹಿಡಿಯಬಹುದು. ವಶಕ್ಕೆ ಪಡೆದ ಅಮ್ಮಿಕಲ್ಲಿನ ಗುಂಡು ನನ್ನ ಅತ್ತೆಯ ಕಾಲದ್ದು, ಕೆಲಸ ಮುಗಿದ ಮೇಲೆ ವಾಪಸು ಕೊಡಬೇಕು. ಬರೆದದ್ದನ್ನು ನನಗೆ ಓದಿ ಹೇಳಿದರು, ನಾನೂ ಕೂತು ಒಮ್ಮೆ ಓದಿದೆ. ನಡೆದದ್ದು ಬಿಟ್ಟು ಬೇರೆ ಇದರಲ್ಲಿ ಇಲ್ಲ, ಹೊಟ್ಟೆಕಿಚ್ಚಿನ ಮಾತೂ ನಡೆದದ್ದೇ, ಒಂದಕ್ಷರ ತೆಗೆಯಬಾರದು. ಶನಿವಾರ ಮಧ್ಯಾಹ್ನ 12 ಗಂಟೆ ಕಳೆದ ಮೇಲೆ ಯಾವಾಗ ಕರೆದರೂ ರಾಜಿಗೆ ಬರುತ್ತೇನೆ.

ಸ್ಥಳ: ಮಂಗಳೂರು
ದಿನಾಂಕ: 14-08-2025, ಸಂಜೆ 7.05

ಸಹಿ: ಆಯಿಶಾ